1967ರ ಮಸ್ಟಾಂಗ್: ಆಟೋಮ್ಯಾಟಿಕ್ ತೆಗೆದು ಮ್ಯಾನುವಲ್ ಹಾಕಬಹುದಾ?

ಪ್ರಶ್ನೆ: ಡೆಟ್ರಾಯಿಟ್ ಹತ್ತಿರ ಇದ್ದೇನೆ. ನನ್ನ ಫೋರ್ಡ್ ಮಸ್ಟಾಂಗ್ ಗಾಡಿಯಲ್ಲಿ 289 (ಘನ ಇಂಚಿನ) ವಿ8 ಎಂಜಿನ್, ಮೂರು ಗೇರಿನ ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಐದು ಗೇರಿನ ಟಿ5 ಮ್ಯಾನುವಲ್ ಹಾಕಬೇಕು ಅಂತ ಬಹಳ ದಿನದ ಆಸೆ. ಗೇರ್‌ಬಾಕ್ಸ್ ಬಿಟ್ಟು ಇನ್ನೇನು ಬೇಕು?

ಉತ್ತರ 1: ಖಂಡಿತ ಮಾಡಿ! ಗೇರ್‌ಬಾಕ್ಸಿಗಿಂತ ಪೆಡಲ್ ಕೆಲಸವೇ ಜಾಸ್ತಿ. ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ, ಹಳೇ ಬ್ರೇಕ್ ಪೆಡಲ್ ಬಿಚ್ಚಿ, ಕ್ಲಚ್ ಇರುವ ಸೆಟ್ ಕೂರಿಸುವಷ್ಟರಲ್ಲಿ ನನಗೆ ಎರಡು ಭಾನುವಾರ ಹಿಡಿಯಿತು. ಫ್ಲೈವೀಲ್ (ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ) ಮಾತ್ರ ನಿಮ್ಮ 289ಕ್ಕೆ ಹೊಂದುವ 28 ಔನ್ಸ್ ಬ್ಯಾಲೆನ್ಸಿನದೇ ತಗೊಳ್ಳಿ. 1980ರ ದಶಕದ 5.0 ಲೀಟರ್ ಮಸ್ಟಾಂಗಿನದು 50 ಔನ್ಸ್, ಅದನ್ನು ಹಾಕಿದರೆ ಎಂಜಿನ್ ಗಡಗಡ ನಡುಗುತ್ತದೆ.

ಉತ್ತರ 2: ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ತುದಿಗೆ ಪೈಲಟ್ ಬುಷ್ (ಗೇರ್‌ಬಾಕ್ಸ್ ಶಾಫ್ಟಿನ ಮೂತಿಗೆ ಆಧಾರ ಕೊಡುವ ಪುಟ್ಟ ಬಳೆ) ಹಾಕಲು ಮರೆಯಬೇಡಿ. ಹಿಂದಿನ ಚಕ್ರಗಳ ಕಡೆ ಹೋಗುವ ಡ್ರೈವ್ ಶಾಫ್ಟಿನ ಉದ್ದ ಗೇರ್‌ಬಾಕ್ಸ್ ಕೂತ ಮೇಲೇ ಅಳೆಯಿರಿ.

ಪ್ರಶ್ನೆ ಕೇಳಿದವರು: ಸಿ4 ತೆಗೆದರೆ ನ್ಯೂಟ್ರಲ್ ಸ್ವಿಚ್ಚಿನ (ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಗಾಡಿ ಸ್ಟಾರ್ಟ್ ಆಗಲು ಬಿಡುವ ಸ್ವಿಚ್) ವೈರ್ ಏನು ಮಾಡೋದು?

ಉತ್ತರ 1: ಸುಮ್ನೆ ಬಿಟ್ಟರೆ ಸ್ಟಾರ್ಟರ್ ತಿರುಗುವುದಿಲ್ಲ. ಕ್ಲಚ್ ಪೆಡಲಿಗೊಂದು ಸ್ವಿಚ್ ಹಾಕಿ ಅದಕ್ಕೇ ಜೋಡಿಸಿ. ಗೇರಿನಲ್ಲಿದ್ದಾಗ ಗಾಡಿ ಮುಂದೆ ಹಾರಬಾರದು ಅಲ್ವಾ?