ಅಪ್‌ಡೇಟ್: ಅಡಿಕೆ ಹಾಳೆಯ ಚಿಪ್ಪುಹಂದಿ ಕಾಲೇಜಿಗೆ ಹೋಯಿತು

ಹೋದ ವಾರ ಕೇಳಿದ್ದೆನಲ್ಲ, ಕಾಲೇಜಿನ ಕಲಾ ತರಗತಿಗೆ ದುಡ್ಡು ಕೊಟ್ಟು ಏನೂ ತರದೆ, ತೋಟದಲ್ಲಿ ಸಿಕ್ಕಿದ್ದರಿಂದಲೇ ಒಂದು ಪ್ರಾಣಿ ಮಾಡಬೇಕು, ಚಿಪ್ಪುಹಂದಿಯ ಚಿಪ್ಪಿಗೆಂದು ಅಡಿಕೆ ಹಾಳೆ ಕತ್ತರಿಸಿದರೆ ಸೀಳುತ್ತದೆ ಅಂತ? ಒಣ ಹಾಳೆಯನ್ನೇ ಕತ್ತರಿಸುತ್ತಿದ್ದದ್ದು ನನ್ನ ತಪ್ಪು. ನೀವು ಹೇಳಿದ ಹಾಗೆ ರಾತ್ರಿಯಿಡೀ ನೀರಲ್ಲಿ ನೆನೆಹಾಕಿದೆ. ಬೆಳಿಗ್ಗೆ ಬಟ್ಟೆಯ ಹಾಗೆ ಬಗ್ಗಿತು. ಬದಿಯಡ್ಕದ ಅಜ್ಜಿ ನಕ್ಕರು: "ಮುಟ್ಟಾಳೆ (ಹಾಳೆಯ ಟೋಪಿ) ಮತ್ತೆ ಹೇಗೆ ಮಾಡುವುದು ಅಂದ್ಕೊಂಡಿದ್ದೆ?"

ಮೈಗೆ ತೆಂಗಿನ ಸಿಪ್ಪೆ, ಬಾಳೆನಾರಿನಿಂದ ಬಿಗಿದು ಕಟ್ಟಿದ್ದು. ಚಿಪ್ಪುಗಳದ್ದೇ ದೊಡ್ಡ ಕೆಲಸ. ಮೊದಲು ತಲೆಯಿಂದ ಅಂಟಿಸಿದೆ, ಎಲ್ಲಾ ತಲೆಕೆಳಗಾಗಿ ಕಂಡಿತು. ಮಾಡಿಗೆ ಹಂಚು ಹೊದೆಸುವಾಗ ಕೆಳಗಿನ ಸಾಲಿಂದ ಶುರು ಮಾಡುತ್ತಾರಲ್ವಾ, ಇದೂ ಹಾಗೆಯೇ. ಬಾಲದಿಂದ ಶುರುಮಾಡಿ ತಲೆಯ ಕಡೆಗೆ ಬಂದರೆ ಮುಂದಿನ ಚಿಪ್ಪು ಹಿಂದಿನದರ ಬುಡ ಮುಚ್ಚುತ್ತದೆ. ಎಲ್ಲಾ ಕಿತ್ತು ಮತ್ತೆ ಅಂಟಿಸಿದೆ, ಸುಮ್ನೆ ಒಂದು ಸಂಜೆ ಹೋಯಿತು. ಒಣಗಿದಾಗ ಅಂಚುಗಳು ತಾವಾಗಿಯೇ ಸ್ವಲ್ಪ ಸುರುಟಿಕೊಂಡವು. ಅದು ನನ್ನ ಜಾಣತನ ಅಲ್ಲ, ಆದರೆ ಅದೇ ಜಾಸ್ತಿ ಚೆನ್ನಾಗಿ ಕಂಡದ್ದು.

ಅಂಟಿಗೆ ಹಲಸಿನ ಮೇಣ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳದೆ ಮುಟ್ಟಬೇಡಿ! ಬಣ್ಣಕ್ಕೆ ಮುರಕಲ್ಲಿನ (ಮನೆ ಕಟ್ಟುವ ಕೆಂಪು ಕಲ್ಲಿನ) ಪುಡಿಯನ್ನು ಗಂಜಿತಿಳಿಯಲ್ಲಿ ಕಲಸಿ ಬಳಿದೆ.

ಮೇಡಂಗೆ ಇಷ್ಟವಾಯಿತು. ಈಗ ಹೊಸ ತಲೆಬಿಸಿ: ಮಳೆಯ ತೇವಕ್ಕೆ ಹೊಟ್ಟೆಯಡಿ ಬೂಸ್ಟು ಬಂದಿದೆ. ಸದ್ಯಕ್ಕೆ ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಲ್ಲಿ ಇಟ್ಟಿದ್ದೇನೆ.