ಜಪಾನಿನ ಸಾಕೆ ಎಲ್ಲಿ, ಹೇಗೆ ರುಚಿ ನೋಡಬೇಕು? ಹೋಗಿಬಂದವರು ಹೇಳಿ

ಪ್ರಶ್ನೆ: ನವೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಹತ್ತು ದಿನ ಜಪಾನಿಗೆ ಹೋಗುತ್ತಿದ್ದೇವೆ. ಟೋಕಿಯೋ, ಕ್ಯೋಟೋ, ನಾರಾ, ಹಿರೋಷಿಮಾ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಒಮ್ಮೆ ಸಾಕೆ, ಅಂದರೆ ಜಪಾನಿನವರು ಅಕ್ಕಿ ಹುದುಗಿಸಿ ಮಾಡುವ ಮದ್ಯ, ಕುಡಿದಿದ್ದೆ. ಸುಡುಸುಡು ತಂದುಕೊಟ್ಟರು, ಮೂಗಿಗೆ ಸ್ಪಿರಿಟ್ ವಾಸನೆ ಹೊಡೆಯಿತು. ಇಷ್ಟೇನಾ ಅನ್ನಿಸಿತು. ಊರೂರಿಗೂ ರುಚಿ ಬೇರೆ ಅಂತಾರೆ, ನಿಜಾನಾ? ಇಬ್ಬರೂ ಸಸ್ಯಾಹಾರಿಗಳು.

ಟೋಕಿಯೋದಿಂದ: ಆರು ವರ್ಷದಿಂದ ಇಲ್ಲಿದ್ದೇನೆ. ಮೊದಮೊದಲು ನನಗೂ ಹಾಗೇ ಅನ್ನಿಸಿತ್ತು. ನಿಮ್ಮ ಪಟ್ಟಿಯಲ್ಲಿ ಸಾಕೆಗೆ ಹೆಸರಾದ ನಿಗಾಟಾ ಪ್ರಾಂತ್ಯ ಇಲ್ಲ, ಒಂದು ದಿನ ಹೇಗಾದರೂ ಬಿಡುವು ಮಾಡಿಕೊಳ್ಳಿ. ಶಿಂಕಾನ್‌ಸೆನ್ (ಬುಲೆಟ್ ರೈಲು) ಹತ್ತಿದರೆ ಅಲ್ಲಿನ ಎಚಿಗೋ-ಯುಜಾವಾ ಸ್ಟೇಷನ್ ಒಂದೂವರೆ ಗಂಟೆಯೊಳಗೆ ಬರುತ್ತದೆ. ಸ್ಟೇಷನ್ ಒಳಗೇ ಪೊನ್‌ಶುಕಾನ್ ಅಂತ ಜಾಗ ಇದೆ. ನಾನು ಹೋದಾಗ 500 ಯೆನ್‌ಗೆ ಒಂದು ಪುಟ್ಟ ಬಟ್ಟಲು, 5 ಬಿಲ್ಲೆ ಕೊಟ್ಟಿದ್ದರು. ಗೋಡೆ ತುಂಬ ಮೆಷಿನ್‌ಗಳು, ಎಲ್ಲದರಲ್ಲೂ ನಿಗಾಟಾದ್ದೇ ಸಾಕೆ. ಬಟ್ಟಲಿಟ್ಟು, ಬಿಲ್ಲೆ ಹಾಕಿ, ಗುಂಡಿ ಒತ್ತಿದರೆ ಎರಡು ಗುಟುಕಿನಷ್ಟು ಬೀಳುತ್ತದೆ. ಪಕ್ಕದಲ್ಲಿ ನೆಕ್ಕಲು ಬಗೆಬಗೆಯ ಉಪ್ಪು. ಸೌತೆಕಾಯಿಗೆ ಮಿಸೋ (ಹುದುಗಿಸಿದ ಸೋಯಾ ಮುದ್ದೆ) ಹಚ್ಚಿಕೊಂಡು ತಿನ್ನಬಹುದು.

ಅಲ್ಲಿನ ಸಾಕೆ ತೆಳು, ಸಿಹಿ ಕಮ್ಮಿ. 'ತನ್ರೇ ಕರಾಕುಚಿ' ಅಂತಾರೆ. ಮೊದಲ ಗುಟುಕಿಗೆ, ನೀರಿಗಾ ದುಡ್ಡು ಕೊಟ್ಟಿದ್ದು ಅನ್ನಿಸಿತು. ಚಿಟಿಕೆ ಉಪ್ಪು ನೆಕ್ಕಿ ಇನ್ನೊಂದು ಗುಟುಕು ತಗೊಂಡೆ. ಅನ್ನವನ್ನು ಅಗಿಯುತ್ತಾ ಹೋದರೆ ಬಾಯಲ್ಲಿ ಒಂದು ಸಿಹಿ ಬರುತ್ತಲ್ಲ, ಅದು ಮೆಲ್ಲಗೆ ಬಂತು.

ಕೋಬೆಯಿಂದ: ನಿಗಾಟಾ ಸರಿ, ಆದರೆ ಅದೊಂದೇ ಕುಡಿದರೆ ಸಾಕೆ ಅಂದರೆ ತೆಳು ಅಂದುಕೊಂಡು ವಾಪಸ್ ಬರ್ತೀರಿ. ಕ್ಯೋಟೋದಲ್ಲಿ ಹೇಗೂ ಇರ್ತೀರಿ. ಅಲ್ಲೇ ಫುಶಿಮಿ ಇದೆ, ಇತ್ತ ಕೋಬೆ ಕಡೆ ನಾದಾ ಇದೆ, ಎರಡೂ ಸಾಕೆ ಮಾಡುವ ಹೆಸರಾಂತ ಜಾಗಗಳು. ಒಂದೇ ದಿನ ಎರಡನ್ನೂ ಕುಡಿದು ನೋಡಿ. ವ್ಯತ್ಯಾಸ ಬರೋದು ಮುಖ್ಯವಾಗಿ ನೀರಿನಿಂದ. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯಲ್ಲ ಅಂತ ನಾವು ಬೈತೀವಿ. ನಾದಾಗೆ ಹೆಸರು ಬಂದಿದ್ದೇ ಗಡಸು ನೀರಿನಿಂದ! 1840ರಲ್ಲಿ ಗುರುತಿಸಿದ ಆ ಬಾವಿ ನೀರಿಗೆ ಮಿಯಾಮಿಜು ಅಂತ ಹೆಸರು. ಅದರಲ್ಲಿರುವ ಖನಿಜ ಯೀಸ್ಟ್‌ಗೆ ಮೇವು, ಹುದುಗು ಜೋರಾಗಿ ಏಳುತ್ತೆ. ಬಣ್ಣ, ರುಚಿ ಕೆಡಿಸುವ ಕಬ್ಬಿಣ ಮಾತ್ರ ಇಲ್ಲವೆನ್ನುವಷ್ಟು ಕಮ್ಮಿ. ಹಾಗಾಗಿ ಖಡಕ್ ಸಾಕೆ. ಫುಶಿಮಿ ನೀರು ಅದಕ್ಕಿಂತ ಮೆದು, ಸಾಕೆಯೂ ನಯ. ನಾದಾದ್ದು ಗಂಡು ಸಾಕೆ, ಫುಶಿಮಿಯದು ಹೆಣ್ಣು ಸಾಕೆ ಅನ್ನೋ ಹಳೇ ಮಾತೇ ಇದೆ. ನನ್ನ ಹೆಂಡತಿಗೆ ಈ ಮಾತು ಕೇಳಿದರೆ ಆಗಲ್ಲ. ಅವಳಿಗೆ ಇಷ್ಟವಾಗಿದ್ದು ನಾದಾದ್ದು.

ಲೇಬಲ್ ನೋಡಿ ಹೆದರಬೇಡಿ. ಅಕ್ಕಿಯನ್ನು ಪಾಲಿಶ್ ಮಾಡಿ 60% ಅಥವಾ ಅದಕ್ಕಿಂತ ಕಮ್ಮಿ ಉಳಿಸಿಕೊಂಡರೆ ಗಿಂಜೋ, 50% ಅಥವಾ ಕಮ್ಮಿಯಾದರೆ ದಾಯ್‌ಗಿಂಜೋ. ಮೂಗಿಗೆ ಸೇಬು, ಬಾಳೆಹಣ್ಣಿನ ಘಮ ಬರುತ್ತೆ. ಬೆಲೆಯೂ ಜಾಸ್ತಿ. ಆದರೆ ಊಟದ ಜೊತೆಗೆ ನನಗೆ ಸಾದಾ ಜುನ್‌ಮಾಯ್ ಸಾಕು. ಅಕ್ಕಿ, ನೀರು, ಕೋಜಿ ಬೂಷ್ಟು, ಯೀಸ್ಟ್ ಅಷ್ಟೇ. ಬೇರೆ ಆಲ್ಕೋಹಾಲ್ ಸೇರಿಸಿರಲ್ಲ.

ಹಿರೋಷಿಮಾದಲ್ಲಿ ಓದಿ ಬಂದವಳು: ಬಿಸಿ ಸಾಕೆಯ ಪರವಾಗಿ ಯಾರೂ ಮಾತಾಡಲಿಲ್ಲ, ನಾನೇ ಮಾತಾಡ್ತೀನಿ. ಹಿರೋಷಿಮಾದಿಂದ ಲೋಕಲ್ ರೈಲಿನಲ್ಲಿ ಸೈಜೋಗೆ ಹೋಗಿ. ಸ್ಟೇಷನ್‌ನಿಂದ ನಡೆದೇ ಹಲವು ಬ್ರೂವರಿ ಸುತ್ತಬಹುದು, ಇಟ್ಟಿಗೆ ಚಿಮಣಿ ನೋಡಿಕೊಂಡು ಹೋದರೆ ದಾರಿ ತಪ್ಪಲ್ಲ. ಆ ಸೀಮೆಯದು ಮೆದು ನೀರು. ನಾದಾ ಪದ್ಧತಿಯಲ್ಲಿ ಅಲ್ಲಿ ಸಾಕೆ ಸರಿಯಾಗಿ ಬರ್ತಿರಲಿಲ್ಲ. ಮಿಯುರಾ ಸೆನ್‌ಜಾಬುರೋ ಎಂಬವರು ನಿಧಾನಕ್ಕೆ, ತಣ್ಣಗೆ ಹುದುಗು ಬರಿಸುವ ದಾರಿ ಕಂಡುಹಿಡಿದು 1898ರಲ್ಲಿ ಪುಸ್ತಕವನ್ನೇ ಬರೆದರು.

ಅಲ್ಲಿ ಒಬ್ಬ ಅಜ್ಜಿ ನನಗೆ ಒಂದೇ ಸಾಕೆಯನ್ನು ಎರಡು ಬಟ್ಟಲಿನಲ್ಲಿ ಕೊಟ್ಟಿದ್ದರು. ಬಿಳಿ ಬಟ್ಟಲು, ತಳದಲ್ಲಿ ನೀಲಿ ಬಳೆಗಳು. ಆ ನೀಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಅಂತ ನೋಡಿ ಸಾಕೆ ತಿಳಿಯಾಗಿದೆಯಾ ಅಂತ ಹೇಳ್ತಾರೆ. ಒಂದು ತಣ್ಣಗಿತ್ತು. ಇನ್ನೊಂದನ್ನು ಹೂಜಿ ಸಮೇತ ಬಿಸಿನೀರಲ್ಲಿಟ್ಟು 40 ಡಿಗ್ರಿಗೆ ತಂದಿದ್ದರು, 'ನುರುಕಾನ್'. ಉಗುರುಬೆಚ್ಚಗಿಂತ ಒಂಚೂರು ಜಾಸ್ತಿ. ಒಂದೇ ಬಾಟಲಿಯದು ಅಂದರೆ ನಂಬಲಿಲ್ಲ ನಾನು. ಬಿಸಿಯದು ತುಂಬಿಕೊಂಡ ಹಾಗಿತ್ತು, ಗಂಜಿ ಕುಡಿದಾಗ ಹೊಟ್ಟೆಗೆ ಹಿತವಾಗುತ್ತಲ್ಲ ಹಾಗೆ. ನಿಮಗೆ ಬೆಂಗಳೂರಿನಲ್ಲಿ ಕೊಟ್ಟಿದ್ದು ಬಹುಶಃ ಕುದಿಯೋ ಹತ್ತಿರ ಬಂದಿತ್ತು. ದಾಯ್‌ಗಿಂಜೋ ಮಾತ್ರ ಬಿಸಿ ಮಾಡಬೇಡಿ, ಘಮ ಹೋಗುತ್ತೆ.

ಒಸಾಕಾದಿಂದ: 'ನಾಮಾ' ಅಂತ ಇದ್ದರೆ ಪಾಶ್ಚರೈಸ್ ಮಾಡಿಲ್ಲ ಅಂತ, ಫ್ರಿಜ್ ಬೇಕೇ ಬೇಕು. ನಾನು ಗೊತ್ತಿಲ್ಲದೆ ಸೂಟ್‌ಕೇಸಿನಲ್ಲಿ ಮೈಸೂರಿಗೆ ತಂದು, ತಿಂಗಳು ಬಿಟ್ಟು ಹಬ್ಬದ ದಿನ ಭಾವನಿಗೆ ಸುರಿದುಕೊಟ್ಟೆ. ಭಾವ ಏನೂ ಹೇಳಲಿಲ್ಲ, ಲೋಟ ಕೆಳಗಿಟ್ಟರು.

ಸಸ್ಯಾಹಾರದ ಬಗ್ಗೆ: ತಣ್ಣನೆ ತೋಫುವಿನ ಮೇಲೂ ಒಣಮೀನಿನ ತುರಿ ಉದುರಿಸ್ತಾರೆ, ಮೊದಲೇ ಹೇಳಿ. ಎಡಮಾಮೆಗೆ (ಬೇಯಿಸಿದ ಎಳೆ ಸೋಯಾಕಾಯಿ) ಉಪ್ಪು ಹಾಕಿಸಿಕೊಳ್ಳಿ, ಅದಕ್ಕಿಂತ ಒಳ್ಳೆ ಜೊತೆ ಇಲ್ಲ. 15-16% ಆಲ್ಕೋಹಾಲ್ ಇರುತ್ತೆ, ಗುಟುಕಿಗೊಮ್ಮೆ ನೀರು ಕುಡಿಯಿರಿ. ಕಾರು ಬೇಡ. ಓಡಿಸಿದವರಿಗೆ ಮಾತ್ರ ಅಲ್ಲ, ಗೊತ್ತಿದ್ದೂ ಪಕ್ಕದಲ್ಲಿ ಕೂತವರಿಗೂ ಶಿಕ್ಷೆ ಇದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿ ಆಗಲೇ ನಿಗಾಟಾ ಸೇರಿಸಿ, ನಾರಾ ಕೈಬಿಟ್ಟಿದ್ದಾಳೆ.

ಕೋಬೆಯಿಂದ: ಅಯ್ಯೋ, ನಾರಾ ಬಿಡಬೇಡಿ! ತಿಳಿ ಸಾಕೆ ಹುಟ್ಟಿದ್ದು ನಮ್ಮಲ್ಲೇ ಅಂತ ಅಲ್ಲಿನ ಶೋರ್ಯಾಕುಜಿ ದೇವಸ್ಥಾನದವರು ಕಲ್ಲು ನೆಟ್ಟಿದ್ದಾರೆ.