ಮೆಣಸಿನ ತಕ್ಕಡಿಯಲ್ಲಿ ಲ್ಯಾಪ್‌ಟಾಪ್

ಪುಟ್ಟೀ, ನಾನು ಮಾವ. ಬೆಳಿಗ್ಗೆ ನೀನು ಲ್ಯಾಪ್‌ಟಾಪ್ ಬಗ್ಗೆ ಮನೆಯ ಗ್ರೂಪಿಗೆ ಹಾಕಿದ್ದನ್ನು ಈಗ ನೋಡಿದೆ. ಗೋಣಿಕೊಪ್ಪದಲ್ಲಿ ಒಂದು ಆಡಿಟ್ ಇತ್ತು, ಫೋನ್ ಮುಟ್ಟೋಕೂ ಬಿಡುವಿರಲಿಲ್ಲ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಅಕ್ಕಾ, ಮಗಳ ಜೊತೆ ನೀನೂ ಕೇಳುತ್ತಿದ್ದರೆ ಬೈಬೇಡ.

ಪುಟ್ಟೀ, ನೀನು ಕೇಳಿದ್ದು ಇಷ್ಟು: ಲೆನೊವೊ ಕಂಪನಿಯ 14 ಇಂಚಿನ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್, ತೂಕ 1.1 ಕಿಲೋ, ಬೆಲೆ ಒಂದೂವರೆ ಲಕ್ಷದ ಹತ್ತಿರ. ಅಷ್ಟು ಕೊಡಬಹುದಾ? ನಿನ್ನ ಅಣ್ಣ ಅದೇ ದುಡ್ಡಿಗೆ ಒಳ್ಳೇ ಗೇಮಿಂಗ್ ಲ್ಯಾಪ್‌ಟಾಪ್ ಬರುತ್ತದೆ, ಸ್ಪೀಡೂ ಜಾಸ್ತಿ ಎಂದಿದ್ದಾನೆ. ನಿನ್ನ ಅಪ್ಪ, ನಮ್ಮ ಭಾವನವರು, ಹೆಬ್ಬೆರಳು ಎತ್ತಿದ್ದಾರೆ. ನಿನಗೋ ಅವನಿಗೋ ಗೊತ್ತಾಗಲಿಲ್ಲ.

ತೂಕದ ವಿಷಯ ನನಗೆ ಚೆನ್ನಾಗಿ ಗೊತ್ತು. ನನ್ನ ಹಳೇ ಲ್ಯಾಪ್‌ಟಾಪನ್ನೂ ಈಗಿನದನ್ನೂ ಒಂದು ದಿನ ಕರಿಮೆಣಸು ತೂಗುವ ತಕ್ಕಡಿ ಮೇಲಿಟ್ಟೆ. ನಿನ್ನ ಅತ್ತೆ ನಕ್ಕಿದ್ದೇ ನಕ್ಕಿದ್ದು. ಹಳೆಯದು 2 ಕಿಲೋ 300 ಗ್ರಾಂ, ಇಟ್ಟಿಗೆಯಂಥ ಚಾರ್ಜರ್ ಸೇರಿದರೆ 2 ಕಿಲೋ 900. ಈಗಿನದು ಚಾರ್ಜರ್, ವೈರ್ ಎಲ್ಲ ಸೇರಿ ಒಂದೂವರೆ ಕಿಲೋ ಮುಟ್ಟುವುದಿಲ್ಲ. ಕೇಳೋಕೆ ಏನು ಮಹಾ ಅನಿಸುತ್ತದೆ. ವಿರಾಜಪೇಟೆಯಿಂದ ಮಡಿಕೇರಿಗೆ ಆ ತಿರುವುಗಳಲ್ಲಿ ಬಸ್ಸಿನಲ್ಲಿ ನಿಂತು ಬಂದರೆ ಆಗ ಭುಜ ಹೇಳುತ್ತದೆ. ನೀನೂ ವಾರಕ್ಕೆ ನಾಲ್ಕು ದಿನ ಬೆಂಗಳೂರಿನ ಮೆಟ್ರೋದಲ್ಲಿ ಹೊತ್ತುಕೊಂಡು ಓಡಾಡುವವಳು, ತಿಂಗಳಿಗೊಮ್ಮೆ ಊರಿಗೆ ಬರುವವಳು. ಹಾಗಾಗಿ ಹಗುರ ಇರುವುದಕ್ಕೆ ದುಡ್ಡು ಕೊಡುವುದು ನಿನ್ನ ಮಟ್ಟಿಗೆ ದಂಡ ಅಲ್ಲ. ಮೇಜು ಬಿಟ್ಟು ಕದಲದವರಿಗಾದರೆ ಬೇಡ ಅಂತಲೇ ಹೇಳುತ್ತಿದ್ದೆ.

ಸ್ಪೀಡ್ ವಿಷಯದಲ್ಲಿ ನಿನ್ನ ಅಣ್ಣ ಹೇಳಿದ್ದು ಸುಳ್ಳಲ್ಲ. ಆದರೆ ನಿನ್ನ ಕೆಲಸ ಸಂಬಳದ ಲೆಕ್ಕ, ಎಕ್ಸೆಲ್, ಮೇಲ್, ದಿನಕ್ಕೆ ಎರಡು ವಿಡಿಯೋ ಮೀಟಿಂಗ್. ಅದಕ್ಕೆ ಗೇಮ್ ಆಡೋಕೆ ಬೇಕಾಗುವ ಗ್ರಾಫಿಕ್ಸ್ ಕಾರ್ಡ್ ಯಾಕೆ? ತೆಳ್ಳಗಿನ ಲ್ಯಾಪ್‌ಟಾಪ್‌ಗಳು ಗಂಟೆಗಟ್ಟಲೆ ಭಾರದ ಕೆಲಸ ಕೊಟ್ಟರೆ ಬಿಸಿಯಾಗಿ ತಾವೇ ನಿಧಾನ ಆಗುತ್ತವೆ, ನಿಜ. ನೀನು ಅಂಥ ಕೆಲಸ ಕೊಡುವುದೇ ಇಲ್ಲವಲ್ಲ.

ಮಳೆಗಾಲ ಪೂರ್ತಿ ಊರಿನ ಮನೆಯಿಂದಲೇ ಕೆಲಸ ಅಂತ ನೀನು ಅಂದೆ. ಅಲ್ಲಿಗೆ ಮಾತೇ ಬೇರೆಯಾಯಿತು. ಕಳೆದ ಕಕ್ಕಡ ತಿಂಗಳಲ್ಲಿ, ಆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ನಾಪೋಕ್ಲು ಕಡೆ ಕಂಬದ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ, ನೆನಪಿದೆ ಅಲ್ವಾ? ನನ್ನದರ ಬ್ಯಾಟರಿ ಹಿಡಿಯುವ ಕರೆಂಟ್ 57 ವ್ಯಾಟ್ ಅವರ್. ಎಕ್ಸೆಲ್ ಕೆಲಸಕ್ಕೆ ಗಂಟೆಗೆ ಎಂಟು ಹತ್ತು ವ್ಯಾಟ್ ಅವರ್ ತಿನ್ನುತ್ತದೆ, ಅಂದರೆ ಐದಾರು ಗಂಟೆ ಖಂಡಿತ. ವಿಡಿಯೋ ಮೀಟಿಂಗ್ ಇದ್ದರೆ ಅದರ ಅರ್ಧ. ಕಂಪನಿಯವರು ಬರೆಯುವ ಹದಿನೈದು ಗಂಟೆಯನ್ನು ಮರೆತುಬಿಡು. ಮೂರನೇ ದಿನ ಇನ್ವರ್ಟರ್ ಕೂಡ ಕೈಕೊಟ್ಟಾಗ ನಾನು ಜೀಪಿನಲ್ಲಿ ಕೂತು, 65 ವ್ಯಾಟಿನ ಕಾರ್ ಚಾರ್ಜರ್‌ನಿಂದ ಟೈಪ್-ಸಿ ವೈರ್ ಹಾಕಿ ರಿಟರ್ನ್ ಫೈಲ್ ಮಾಡಿದೆ. ಗ್ಲಾಸಿನ ಮೇಲೆ ಮಳೆ, ಮಡಿಲಲ್ಲಿ ಲ್ಯಾಪ್‌ಟಾಪ್, ಪಕ್ಕದ ಸೀಟಿನಲ್ಲಿ ಒದ್ದೆ ನಾಯಿ. ಗೇಮಿಂಗ್ ಲ್ಯಾಪ್‌ಟಾಪ್‌ಗಳಿಗೆ 200 ವ್ಯಾಟ್ ಆಸುಪಾಸಿನ ಚಾರ್ಜರ್ ಬೇಕು. ಜೀಪಿನಲ್ಲಿ ಅದನ್ನು ಎಲ್ಲಿ ಚುಚ್ಚುವುದು?

ಈಗ ಬೇಜಾರಿನ ವಿಷಯ. ನನ್ನದು ಬೇರೆ ಕಂಪನಿಯದು, ಹೆಸರು ಬೇಡ. ಮೂರು ವರ್ಷದ ಆನ್‌ಸೈಟ್ ವಾರಂಟಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೆ, ಮರುದಿನವೇ ಮನೆಗೆ ಬಂದು ರಿಪೇರಿ ಮಾಡುತ್ತಾರೆ ಅಂತ. ಜುಲೈನಲ್ಲಿ ಕೀಬೋರ್ಡಿನ ಮಧ್ಯದ ಸಾಲು ಸತ್ತಿತು. ಫೋನ್ ಮಾಡಿದರೆ ಆ ಹುಡುಗಿ 'ಕೊಡಗು ಯಾವ ಸಿಟಿಯಲ್ಲಿ ಬರುತ್ತದೆ ಸಾರ್?' ಎಂದಳು. ಎಂಜಿನಿಯರ್ ಮೈಸೂರಿನಿಂದ ಬರಬೇಕಿತ್ತು, ಬಂದಿದ್ದು ಒಂಬತ್ತನೇ ದಿನ. ಅಷ್ಟು ದಿನ ಮಗನ ಹಳೇ ಕೀಬೋರ್ಡ್ ಚುಚ್ಚಿ ಒದ್ದಾಡಿದೆ. ಆ ಮರುದಿನದ ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಸ್ಥಳವನ್ನು ಅವಲಂಬಿಸಿ' ಅಂತ ಇತ್ತು. ಅಂಥದ್ದನ್ನೇ ದಿನವಿಡೀ ಓದಿ ಸಂಬಳ ತಗೊಳ್ಳುವ ನಾನೇ ಓದಿರಲಿಲ್ಲ. ಅದಕ್ಕೇ ಹೇಳುತ್ತೇನೆ, ದುಡ್ಡು ಕಟ್ಟುವ ಮೊದಲು ಬೆಂಗಳೂರಿನ ಪಿನ್‌ಕೋಡ್ ಅಲ್ಲ, ನಮ್ಮ ಊರಿನ ಪಿನ್‌ಕೋಡ್ ಕೊಟ್ಟು ಕೇಳು. ಉತ್ತರ ಮೇಲ್‌ನಲ್ಲಿ ಬರಲಿ.

ಮಿಲಿಟರಿ ಪರೀಕ್ಷೆ ಪಾಸು, ಎಂಐಎಲ್-ಎಸ್‌ಟಿಡಿ-810 ಅಂತ ಹಾಕಿರುತ್ತಾರೆ. ಅದು ಅಮೆರಿಕದ ಸೈನ್ಯದ ಪರೀಕ್ಷೆಗಳ ಪಟ್ಟಿ, ಅದರಲ್ಲಿ ಕೆಲವನ್ನು ಆರಿಸಿಕೊಂಡು ಮಾಡಿಸುತ್ತಾರೆ. ಭಾಗಮಂಡಲದ ಜುಲೈ ಆ ಪಟ್ಟಿಯಲ್ಲಿ ಇಲ್ಲ. ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಮನೆ ನಮ್ಮದು. ಬ್ಯಾಗಿನೊಳಗೆ ಮುಚ್ಚಿಡಬೇಡ, ಕೆಲಸ ಇಲ್ಲದ ದಿನವೂ ಅರ್ಧ ಗಂಟೆ ಆನ್ ಮಾಡಿಡು, ಆ ಬಿಸಿಗೆ ಒಣಗುತ್ತದೆ. ಕಾಫಿ ಚೆಲ್ಲಿದರೆ ಮಾಮೂಲಿ ವಾರಂಟಿ ಕೊಡುವುದಿಲ್ಲ, ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ತಗೋಬೇಕು. ನೀನು ಕಾಫಿ ಲೋಟ ಇಡುವ ಜಾಗ ನೋಡಿದ್ದೇನೆ. ತಗೋ.

ಎಕ್ಸ್1 ಕಾರ್ಬನ್‌ನಲ್ಲಿ ರ‍್ಯಾಮ್ (ಕೆಲಸ ಮಾಡುವಾಗ ಬಳಸುವ ಮೆಮೊರಿ) ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಸೇರಿಸೋಕೆ ಆಗುವುದಿಲ್ಲ. 8 ಜಿಬಿ ಬೇಡವೇ ಬೇಡ, 16 ಇರಲಿ. ಎಸ್‌ಎಸ್‌ಡಿ (ಫೈಲ್ ಉಳಿಸಿಡುವ ಜಾಗ) ಬೇಕಾದರೆ ಮುಂದೆ ಬದಲಿಸಬಹುದು, ಅಲ್ಲಿ ದುಡ್ಡು ಉಳಿಸು. ಇಂಟರ್ನೆಟ್ಟಿನ ಲ್ಯಾನ್ ವೈರ್ ಚುಚ್ಚುವ ಜಾಗವೂ ಇರುವುದಿಲ್ಲ, ಸಣ್ಣ ಅಡಾಪ್ಟರ್ ಇಟ್ಟುಕೋ. ನಿಮ್ಮ ಮನೆ ಹಿಂದಿನ ರೂಮಿಗೆ ವೈಫೈ ಮುಟ್ಟುವುದಿಲ್ಲ.

ಇನ್ನೊಂದು ಮಾತು. ಬಿಸಿನೆಸ್ ಲ್ಯಾಪ್‌ಟಾಪ್ ಅಂದ ಕೂಡಲೇ ಅಂಗಡಿಯವನು ಜಿಎಸ್‌ಟಿ ವಾಪಸ್ ಬರುತ್ತದೆ ಅನ್ನಬಹುದು. ಅದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರದವರಿಗೆ. ಸಂಬಳದವಳು ನೀನು, 18 ಪರ್ಸೆಂಟ್ ನಿನ್ನದೇ ಖರ್ಚು. ಭಾವನವರ ತೋಟದ ಹೆಸರಲ್ಲಿ ಬಿಲ್ ಮಾಡಿಸುವ ಐಡಿಯಾ ಬೇಡ, ನನ್ನ ಹತ್ತಿರ ಕೇಳಲೂಬೇಡ.

ನಾನಾದರೆ? ಈ ಹೊಸ ಮಾಡೆಲ್ ಬಿಟ್ಟು ಹಿಂದಿನ ವರ್ಷದ್ದು ಸ್ಟಾಕ್ ಇದೆಯಾ ನೋಡುತ್ತಿದ್ದೆ. ಅದೇ ಕಂಪನಿಯ ಟಿ14 ಕೂಡ ಇದೆ, ಸ್ವಲ್ಪ ಭಾರ, ಬೆಲೆ ಕಡಿಮೆ. ಎರಡನ್ನೂ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡು, ಸುಮ್ನೆ ಫೋಟೋ ನೋಡಿ ಆರ್ಡರ್ ಮಾಡಬೇಡ. ಉಳಿದ ದುಡ್ಡಿನಲ್ಲಿ ವಾರಂಟಿ, ಆ ಕಾರ್ ಚಾರ್ಜರ್. ಊರಿನ ಪಿನ್‌ಕೋಡಿಗೆ ಆನ್‌ಸೈಟ್ ಇಲ್ಲ ಎಂದರೆ ಮಾತ್ರ ಒಂದೂವರೆ ಲಕ್ಷ ಹಾಕಬೇಡ.

ನಿನ್ನ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕಬೇಡ, ಬರುವಾಗ ತಾ. ಭಾವನವರ ಮೆಣಸಿನ ಲೆಕ್ಕ ಇನ್ನೂ ಕ್ಯಾಲೆಂಡರಿನ ಹಿಂದುಗಡೆಯೇ ಇದೆ.